ಕೋರ್ಟಿನ ಇಂಗ್ಲಿಷು, ಮೂರು ತಾಲೂಕಿನ ಕಾಗದ

ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ಊರುಗಳ ಕೋರ್ಟಿನ ಆವರಣದಲ್ಲಿ ಸಾಮಾನ್ಯವಾಗಿ ಕಿವಿಗೆ ಬೀಳುವ ಮಾತುಕತೆ ಹೀಗಿರುತ್ತದೆ. ಒಳಗಿನಿಂದ ವಕೀಲರು ಹೊರಗೆ ಬರುತ್ತಾರೆ. ನೆರಳಲ್ಲಿ ಕಾಯುತ್ತ ಕೂತ ರೈತ ಎದ್ದು ನಿಲ್ಲುತ್ತಾನೆ.

"ಏನಾಯ್ತ್ರೀ ವಕೀಲ ಸಾಹೇಬ್ರ?"

"ಸ್ಟೇ ಆಗ್ಯದ, ಕಾಕಾ."

ಅಷ್ಟೇ ಮಾತು. ಸಂಜೆಯೊಳಗೆ ಊರಲ್ಲಿ ಸುದ್ದಿ ಹಬ್ಬುತ್ತದೆ, ಕಾಕಾ ಕೇಸು ಗೆದ್ದರಂತೆ ಎಂದು. ಪೇಢೆ ಹಂಚುವವರೂ ಉಂಟು.

ಸಂಗತಿ ಬೇರೆಯೇ. ಹೊಲದ ದಾವೆಯಲ್ಲಿ ಆ ದಿನ ಆದದ್ದು ಟೆಂಪರರಿ ಇಂಜಂಕ್ಷನ್, ಅಂದರೆ ತಾತ್ಕಾಲಿಕ ನಿರ್ಬಂಧಕಾಜ್ಞೆ. ದಾವೆ ನಡೆಯುವಷ್ಟು ಕಾಲ ಯಾರೂ ಯಾರ ಸ್ವಾಧೀನಕ್ಕೂ ಅಡ್ಡಿ ಮಾಡಬಾರದು ಎಂಬಷ್ಟೇ ಅದರ ಬಲ. ಎದುರಾಳಿಯ ಮಾತು ಕೇಳುವ ಮೊದಲೇ ಕೊಟ್ಟ ಆಜ್ಞೆಯಾಗಿದ್ದರೆ, ಆ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ಹೇಳುತ್ತದೆ. ಮುಂದಿನ ತಾರೀಖಿಗೆ ಅದೇ ಆಜ್ಞೆ ಬಿದ್ದುಹೋಗಲೂಬಹುದು. ಹೊಲ ಯಾರದು ಎಂಬ ಮಾತನ್ನು ಕೋರ್ಟು ಇನ್ನೂ ಎತ್ತಿಕೊಂಡೇ ಇಲ್ಲ.

ಇಂದಿನ ಭಾಷಣದ ವಿಷಯ ಇದೇ. ಕ್ರಿಮಿನಲ್ ಮತ್ತು ಸಿವಿಲ್ ಕಾನೂನಿನ ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ? ಕಕ್ಷಿದಾರನಿಗೂ ಈ ಪ್ರಶ್ನೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಕರಿ ಕೋಟು ತೊಟ್ಟ ಹುಡುಗ ಹುಡುಗಿಯರಿಗೂ ಇದೆ. ಪದಕೋಶ ತೆರೆದು ಅರ್ಥ ಬಾಯಿಪಾಠ ಮಾಡುವುದು ಎಲ್ಲರೂ ಹಿಡಿಯುವ ದಾರಿ. ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಕೋರ್ಟಿನ ಮುಖ್ಯ ಪದಗಳ ಬೆನ್ನಿಗೆ ಒಂದು ಕಾಗದವಿರುತ್ತದೆ, ಆ ಕಾಗದಕ್ಕೆ ಒಂದು ಗಡುವಿರುತ್ತದೆ. ಪದ, ಕಾಗದ, ಗಡುವು, ಈ ಮೂರನ್ನೂ ಜೊತೆಗೇ ಕಲಿತರೆ ಮಾತ್ರ ಪದ ಕೈಗೆ ಬರುತ್ತದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ನೆಲಕ್ಕೆ ಕೋರ್ಟಿನ ಪರಭಾಷೆ ಹೊಸದಲ್ಲ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನ. ಅಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಿಂದ ಉರ್ದು. ಕಾನೂನು, ವೈದ್ಯ, ವಿಜ್ಞಾನ ಎಲ್ಲವನ್ನೂ ಉರ್ದುವಿಗೆ ತರಲು 1917ರಲ್ಲಿ ಹೈದರಾಬಾದಿನಲ್ಲಿ ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಲಾಗಿತ್ತು. ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಆಗ ವಾದಿಗೆ ಮುದ್ದಯಿ ಎನ್ನುತ್ತಿದ್ದರು, ತೀರ್ಪಿಗೆ ಫೈಸಲಾ. ಇಲ್ಲಿನ ದಂಡ ಕಾನೂನು ಕೂಡ ಸಂಸ್ಥಾನದ್ದೇ. ಬ್ರಿಟಿಷರ ಭಾರತೀಯ ದಂಡ ಸಂಹಿತೆ ಈ ಭಾಗಕ್ಕೆ ವಿಸ್ತರಿಸಿದ್ದು 1951ರಲ್ಲಿ, ಸಂಸತ್ತಿನ ಕಾನೂನಿನ ಮೂಲಕ. ಪಕ್ಕದ ವಿಜಾಪುರ ಜಿಲ್ಲೆಗೆ 1862ರಲ್ಲೇ ಬಂದಿದ್ದ ಕಾನೂನು, ಭೀಮಾ ನದಿಯ ಈ ಸೀಮೆಗೆ ಬರಲು ಹೆಚ್ಚುಕಡಿಮೆ ತೊಂಬತ್ತು ವರ್ಷ ಹಿಡಿಯಿತು.

ಆ ಕಾಲದ ಕಾಗದ ಇಂದಿಗೂ ಮನೆಮನೆಯ ಟ್ರಂಕಿನಲ್ಲಿದೆ. ಸೇತ್ವಾರ್, ವಸೂಲ್ ಬಾಕಿ, ಫೈಸಲ್ ಪಟ್ಟಿ ಎಂಬ ಹೆಸರುಗಳು ಹೊಲದ ವ್ಯಾಜ್ಯ ಇರುವ ಮನೆಯ ಹಿರಿಯರಿಗೆ ಗೊತ್ತು. ಒಂದು ಹಳೆಯ ಹಾಳೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಂದು ಬಣ್ಣಕ್ಕೆ ತಿರುಗಿದೆ, ಮಡಿಕೆಯ ಗೆರೆಯಲ್ಲಿ ಹರಿದಿದೆ. ಅಕ್ಷರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುತ್ತವೆ. ಶಿಕಸ್ತಾ ಎಂಬ ಆ ಬರವಣಿಗೆಯನ್ನು, ಉರ್ದು ಶಾಲೆಯಲ್ಲಿ ಓದಿದವರೂ ತಡವರಿಸದೆ ಓದಲಾರರು. ಮೂಲೆಯಲ್ಲಿ ಇಸವಿ 1350 ಎಂದಿರುತ್ತದೆ. ಇದು ಫಸಲಿ ವರ್ಷ. ಅದಕ್ಕೆ 590 ಕೂಡಿಸಬೇಕು, ಆಗ 1940 ಸಿಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಕಾಗದವನ್ನು ಕೋರ್ಟಿಗೆ ಒಯ್ದರೆ ಅಜ್ಜನ ಹೊಲ ಏಳು ಶತಮಾನ ಹಿಂದಿನದಾಗುತ್ತದೆ!

ಇನ್ನೊಂದು ಸಂಗತಿ. ಪದ ಕಲಿಯುವ ಕಷ್ಟ ಕನ್ನಡಿಗರಿಗಷ್ಟೇ ಬಂದದ್ದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇಲ್ಲಿನ ಕಚೇರಿಯ ಮಾತು ತಿಳಿಯದೆ ಒದ್ದಾಡುತ್ತಿದ್ದರು. ಅವರಿಗಾಗಿ ಹೊರೇಸ್ ಹೇಮನ್ ವಿಲ್ಸನ್ ಎಂಬ ವಿದ್ವಾಂಸ ನ್ಯಾಯ ಮತ್ತು ಕಂದಾಯದ ಪದಗಳ ದೊಡ್ಡ ಕೋಶವೊಂದನ್ನು 1855ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅದರಲ್ಲಿ ಅರಬಿ, ಪಾರಸಿ, ಮರಾಠಿ, ತೆಲುಗಿನ ಜೊತೆ ಕನ್ನಡದ ಪದಗಳೂ ಇವೆ.

ಹೀಗೆ ಪಾರಸಿಯಿಂದ ಉರ್ದು, ಉರ್ದುವಿನಿಂದ ಇಂಗ್ಲಿಷ್. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಿಧಾನವಾಗಿ ಕನ್ನಡ. ಆದರೂ ಇಂಗ್ಲಿಷ್ ಹೋಗಲಿಲ್ಲ. ಯಾಕೆ?

ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ. ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಗೆ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಆ ಅವಕಾಶ ಸಿಕ್ಕಿದೆ. ಕನ್ನಡಕ್ಕೆ ಸಿಕ್ಕಿಲ್ಲ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟಾಗ ಅದು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಸುದ್ದಿಯಾಯಿತು ಎಂಬುದರಲ್ಲೇ ಅದೆಷ್ಟು ಅಪರೂಪ ಎಂಬುದು ಗೊತ್ತಾಗುತ್ತದೆ.

ಮೂರು ತಾಲೂಕಿನವರಿಗೆ ಹೈಕೋರ್ಟು ಈಗ ಹತ್ತಿರ ಬಂದಿದೆ. 2008ರ ಜುಲೈಯಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಮೊದಲು ಮೇಲ್ಮನವಿಗೆ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ 60 ದಾಟುತ್ತದೆ. ಹಾದಿ ಸಣ್ಣದಾಯಿತು. ಭಾಷೆಯ ದೂರ ಹಾಗೇ ಉಳಿಯಿತು. ತಾಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ನುಡಿದದ್ದು, ಕಲಬುರಗಿಯ ಪೀಠದ ಮುಂದೆ ಇಂಗ್ಲಿಷಿನಲ್ಲಿ ವಾದವಾಗುತ್ತದೆ.

ಇಲ್ಲಿಯವರೆಗೆ ಕೇಳಿದ್ದು, ಇಂಗ್ಲಿಷ್ ಯಾಕೆ ಉಳಿಯಿತು ಎಂಬ ಮಾತು. ಈಗ ಪದಗಳಿಗೇ ಬರೋಣ. ಮೊದಲು ಕ್ರಿಮಿನಲ್.

ಪೊಲೀಸ್ ಠಾಣೆಗೆ ಹೋಗಿ ಬಂದವರು "ಕಂಪ್ಲೇಂಟ್ ಕೊಟ್ಟೀನಿ" ಎನ್ನುತ್ತಾರೆ. ಕಾನೂನಿನ ಪುಸ್ತಕದಲ್ಲಿ ಕಂಪ್ಲೇಂಟ್ ಎಂದರೆ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಕೊಡುವ ದೂರು. ಠಾಣೆಯಲ್ಲಿ ಬರೆಸಿದ್ದು ಎಫ್‌ಐಆರ್ ಆಗಬೇಕು, ಅಂದರೆ ಪ್ರಥಮ ವರ್ತಮಾನ ವರದಿ. ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ಮನೆಗೆ ಬಂದರೆ ಎಫ್‌ಐಆರ್ ಆಯಿತೆಂದಲ್ಲ. ಅದಕ್ಕೊಂದು ಸಂಖ್ಯೆ ಇರುತ್ತದೆ. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಬಿಟ್ಟಿಯಾಗಿ ಕೊಡಬೇಕು. ಇದು ಕಾನೂನೇ ಹೇಳಿದ ಮಾತು. ಸಂಖ್ಯೆ ಇಲ್ಲ, ಪ್ರತಿ ಇಲ್ಲ ಎಂದರೆ ತನಿಖೆಯೂ ಶುರುವಾಗಿಲ್ಲ ಎಂದೇ ತಿಳಿಯಬೇಕು.

ಹಾಗಾದರೆ ಪೊಲೀಸರು ಎಲ್ಲದಕ್ಕೂ ಎಫ್‌ಐಆರ್ ಮಾಡಲೇಬೇಕೇ? ಇಲ್ಲಿ ಎರಡನೇ ಪದ ಬರುತ್ತದೆ: ಕಾಗ್ನೈಜಬಲ್. ಕನ್ನಡದಲ್ಲಿ ಸಂಜ್ಞೇಯ ಅಪರಾಧ. ಕೊಲೆ, ದರೋಡೆ, ಅತ್ಯಾಚಾರದಂಥವು. ಇವುಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಇಂಥ ಅಪರಾಧ ನಡೆದದ್ದು ದೂರಿನಿಂದ ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಕೆಲವು ಬಗೆಯ ಪ್ರಕರಣಗಳಿಗೆ ಮಾತ್ರ ಮೊದಲು ಪ್ರಾಥಮಿಕ ವಿಚಾರಣೆಗೆ ಅವಕಾಶ ಬಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಆ ವಿಚಾರಣೆಯನ್ನು 14 ದಿನದೊಳಗೆ ಮುಗಿಸಬೇಕು. ಠಾಣೆ ಒಪ್ಪದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು.

ಝೀರೋ ಎಫ್‌ಐಆರ್ ಎಂಬ ಪದ ಈ ಭಾಗದವರಿಗೆ ಬಹಳ ಬೇಕಾದದ್ದು. ಆಳಂದ, ಅಫಜಲಪುರದ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಪುಣೆ, ಮುಂಬಯಿಗೆ ದುಡಿಯಲು ಹೋಗುವವರು ಬಹಳ. ಊರಿಗೆ ಬರುವಾಗ ಸೊಲ್ಲಾಪುರದ ಹತ್ತಿರ ರೈಲಿನಲ್ಲಿ ಗಂಟು ಕಳುವಾದರೆ ದೂರು ಎಲ್ಲಿ ಕೊಡಬೇಕು? ಎಲ್ಲಿ ಬೇಕಾದರೂ ಕೊಡಬಹುದು. "ನಮ್ಮ ಹದ್ದಿನಾಗ ಬರೂದಿಲ್ಲ" ಎಂದು ಹಿಂದಕ್ಕೆ ಕಳಿಸುವಂತಿಲ್ಲ. ದಾಖಲು ಮಾಡಿಕೊಂಡು ಸರಿಯಾದ ಠಾಣೆಗೆ ಕಳಿಸಬೇಕು.

ಈಗ ಎಲ್ಲರ ಬಾಯಲ್ಲೂ ಇರುವ ಪದ, ಬೇಲ್. ಹಳಬರ ಬಾಯಲ್ಲಿ ಜಮಾನತ್, ಪತ್ರಿಕೆಯಲ್ಲಿ ಜಾಮೀನು. ಬೇಲಬಲ್, ನಾನ್ ಬೇಲಬಲ್ ಎಂದು ಎರಡು ಜಾತಿ. ನಾನ್ ಬೇಲಬಲ್ ಎಂದರೆ ಜಾಮೀನೇ ಸಿಗದು ಎಂದು ನಂಬಿ ಮನೆಮಂದಿ ಎದೆಗುಂದುತ್ತಾರೆ. ಹಾಗಲ್ಲ. ಬೇಲಬಲ್ ಅಪರಾಧದಲ್ಲಿ ಜಾಮೀನು ಹಕ್ಕು. ನಾನ್ ಬೇಲಬಲ್ ಅಪರಾಧದಲ್ಲಿ ಅದು ಕೋರ್ಟಿನ ವಿವೇಚನೆ. ಇಂಗ್ಲಿಷ್ ಪಠ್ಯದಲ್ಲಿ ಈ ವ್ಯತ್ಯಾಸ ನಿಂತಿರುವುದು ಎರಡು ಚಿಕ್ಕ ಪದಗಳ ಮೇಲೆ. ಮೊದಲನೆಯ ಕಲಮಿನಲ್ಲಿ ಬಿಡುಗಡೆಯ ಮಾತಿಗೆ ಶಲ್ ಎಂದಿದೆ, ಎರಡನೆಯದರಲ್ಲಿ ಮೇ ಎಂದಿದೆ. ಹೊಸ ವಕೀಲರು ಲ್ಯಾಟಿನ್ ನುಡಿಗಟ್ಟುಗಳಿಗೆ ಮರುಳಾಗುತ್ತಾರೆ. ಪ್ರೈಮಾ ಫೇಸಿ, ಸುವೋ ಮೋಟು ಎಂದರೆ ಕೇಳಲು ಗತ್ತು. ಆದರೆ ಕೇಸು ತಿರುಗುವುದು ಶಲ್, ಮೇ, ಸಬ್ಜೆಕ್ಟ್ ಟು, ಪ್ರೊವೈಡೆಡ್ ದಟ್ ಎಂಬ ಬಡಪಾಯಿ ಪದಗಳ ಮೇಲೆಯೇ.

ಜಾಮೀನು ಸಿಕ್ಕ ಮೇಲೂ ಕೆಲಸ ಮುಗಿಯದು. ಶೂರಿಟಿ ಬೇಕು, ಜಾಮೀನುದಾರ. ಹಳ್ಳಿಯಲ್ಲಿ ಶೂರಿಟಿ ಎಂದರೆ ಪಹಣಿ ತರುವ ಮನುಷ್ಯ. ಹೊಲದ ಪಹಣಿ, ಗುರುತಿನ ಚೀಟಿ, ಫೋಟೊ ಹಿಡಿದು ಆತ ಬಾಂಡಿಗೆ ಸಹಿ ಹಾಕುತ್ತಾನೆ. ಆ ಬಾಂಡಿನಲ್ಲಿ ಒಂದು ಮೊತ್ತ ಬರೆದಿರುತ್ತದೆ. ಆರೋಪಿ ತಾರೀಖಿಗೆ ಬರದೆ ಓಡಿಹೋದರೆ ಆ ಮೊತ್ತಕ್ಕೆ ಸಹಿ ಹಾಕಿದವನೇ ಹೊಣೆ. ಬೀಗರ ಮೋರೆ ನೋಡಿ ಸಹಿ ಹಾಕುವ ಮೊದಲು ಆ ಮೊತ್ತವನ್ನು ಓದಿಸಿ ಕೇಳಬೇಕು.

ಇನ್ನು ಡಿಫಾಲ್ಟ್ ಬೇಲ್. ಕ್ರಿಮಿನಲ್ ಪದಗಳಲ್ಲಿ ಗಡುವಿನ ಬೆಲೆ ಇದರಷ್ಟು ಬೇರೆಲ್ಲೂ ಕಾಣದು. ಆರೋಪಿ ಜೈಲಿನಲ್ಲಿದ್ದಾನೆ, ತನಿಖೆ ನಡೆದಿದೆ. ಪೊಲೀಸರು 60 ದಿನದೊಳಗೆ ದೋಷಾರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್, ಹಾಕಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಮೇಲಿನ ಶಿಕ್ಷೆಯ ಅಪರಾಧವಾದರೆ 90 ದಿನ. ಅಷ್ಟರೊಳಗೆ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆದರೆ ಹಕ್ಕು ತಾನಾಗಿ ನಡೆದುಬರುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿಗೆ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಒಂದು ದಿನ ತಡವಾದರೂ ಹೋಯಿತು.

ಬಂಧನದ ಮಾತು ಬಂದಾಗ ಭಾಷೆಯ ಬಗ್ಗೆ ಎರಡು ತೀರ್ಪು ನೆನಪಿಡಿ. ಮೊದಲನೆಯದು 2023ರದು, ಸಿಬಿಐ ವಿರುದ್ಧ ನರೋತ್ತಮ್ ಧಾಕಡ್. ಚಾರ್ಜ್‌ಶೀಟು ಆರೋಪಿಗೆ ತಿಳಿಯುವ ಭಾಷೆಯಲ್ಲೇ ಇರಬೇಕೆಂಬ ಕಡ್ಡಾಯ ಕಾನೂನಿನಲ್ಲಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆರೋಪಿಗೂ ವಕೀಲರಿಗೂ ಅದು ತಿಳಿಯದಿದ್ದರೆ ಅನುವಾದ ಕೇಳಬಹುದು ಎಂದಿತು. ಎರಡನೆಯದು 2025ರ ನವೆಂಬರಿನದು, ಮಿಹಿರ್ ರಾಜೇಶ್ ಶಾ ಪ್ರಕರಣ. ಯಾಕೆ ಬಂಧಿಸಿದ್ದೇವೆ ಎಂಬ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದಿತು ಅದೇ ಕೋರ್ಟು. ಹೀಗಾಗಿ ಬಂಧನದ ಕಾರಣ ತನ್ನ ಭಾಷೆಯಲ್ಲೇ ಸಿಗುವುದು ಹಕ್ಕು. ಚಾರ್ಜ್‌ಶೀಟಿನ ಅನುವಾದವನ್ನು ಕೇಳಿ ಪಡೆಯಬೇಕು. ಆಳಂದದ ಗಡಿಯ ಮರಾಠಿ ಮಾತಿನವರಿಗೂ, ಮನೆಯಲ್ಲಿ ಲಂಬಾಣಿ ಆಡುವ ತಾಂಡಾದವರಿಗೂ, ದಖನಿ ಉರ್ದುವಿನವರಿಗೂ ಈ ಮಾತು ಅಷ್ಟೇ ಅನ್ವಯ.

ಬಿಡುಗಡೆಗೂ ಇಂಗ್ಲಿಷಿನಲ್ಲಿ ಹಲವು ಹೆಸರು. ವಿಚಾರಣೆ ಶುರುವಾಗುವ ಮೊದಲೇ ಸಾಕ್ಷ್ಯ ಸಾಲದೆಂದು ಕೈಬಿಟ್ಟರೆ ಡಿಸ್ಚಾರ್ಜ್. ಪೂರ್ತಿ ವಿಚಾರಣೆ ನಡೆದು ತಪ್ಪಿಲ್ಲವೆಂದು ಬಂದರೆ ಅಕ್ವಿಟಲ್. ಹೈಕೋರ್ಟು ಪ್ರಕರಣವನ್ನೇ ರದ್ದು ಮಾಡಿದರೆ ಕ್ವಾಶ್. ಅಕ್ವಿಟಲ್ ಅಂತಿಮವಾದ ಮೇಲೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಡಿಸ್ಚಾರ್ಜಿಗೆ ಆ ಭದ್ರತೆ ಇಲ್ಲ, ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಎದ್ದೀತು. ಊರಿನ ಮಾತಿನಲ್ಲಿ ಎಲ್ಲವೂ "ಕೇಸ್ ಬಿಟ್ಟದ" ಅಷ್ಟೇ.

ಮತ್ತೊಂದು ಗೊಂದಲ 2024ರ ಜುಲೈ 1ರಿಂದ ಶುರುವಾಯಿತು. ಅಂದು 1860ರ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 500 ದಾಟಿದ್ದ ಕಲಮುಗಳು 358ಕ್ಕೆ ಇಳಿದವು. ದಂಡ ಪ್ರಕ್ರಿಯೆ ಮತ್ತು ಸಾಕ್ಷ್ಯದ ಕಾನೂನುಗಳೂ ಬದಲಾದವು. ಕೊಲೆಯ 302 ಈಗ 103. ಕೊಲೆ ಯತ್ನದ 307 ಈಗ 109. ಜನ ಗುಂಪುಗೂಡಬಾರದೆಂಬ 144 ಈಗ 163. ಹೆಸರು ಸಂಸ್ಕೃತದ್ದಾಯಿತು, ಒಳಗಿನ ಮಾತು ಇಂಗ್ಲಿಷಿನದೇ. ಹಳೆಯದನ್ನು ಮರೆಯುವಂತೆಯೂ ಇಲ್ಲ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಇನ್ನೂ ಎಷ್ಟೋ ವರ್ಷ ಕೋರ್ಟುಗಳಲ್ಲಿ ಎರಡು ಲೆಕ್ಕ ಜೊತೆಜೊತೆಗೆ ನಡೆಯಲಿವೆ. ವಂಚನೆಯ 420 ಕಾನೂನಿನಲ್ಲಿ 318 ಆದರೂ, ಕಲಬುರಗಿಯ ಬಜಾರದಲ್ಲಿ ಮೋಸಗಾರನಿಗೆ ಇನ್ನೂ ಚಾರ್ ಸೌ ಬೀಸ್ ಎಂದೇ ಬೈಗುಳ. ಆ ಬೈಗುಳವನ್ನು ಯಾವ ಸಂಸತ್ತು ತಿದ್ದುಪಡಿ ಮಾಡೀತು!

ಕ್ರಿಮಿನಲ್ ಭಾಗದಲ್ಲಿ ಎಫ್‌ಐಆರ್, ಬೇಲ್, ಚಾರ್ಜ್‌ಶೀಟ್ ನೋಡಿದೆವು. ಅವುಗಳ ಕಾಗದ ಮತ್ತು ದಿನಗಳನ್ನೂ ಕೇಳಿದೆವು. ಈಗ ಸಿವಿಲ್. ಇಲ್ಲಿ ಜೈಲಿಲ್ಲವೆಂದು ಜನ ಹಗುರಾಗಿರುತ್ತಾರೆ. ಹೊಲ ಹೋಗುವುದು ಇಲ್ಲಿಯೇ.

ಕೋರ್ಟಿನ ಅಮೀನ ಮನೆಗೆ ಬರುತ್ತಾನೆ. ಕೈಯಲ್ಲಿ ಸಮನ್ಸ್. ಮೇಲಿನ ಹಾಳೆಯಲ್ಲಿ ಕೋರ್ಟಿನ ಮೊಹರು, ದಾವೆಯ ಸಂಖ್ಯೆ, ಹಾಜರಾಗಬೇಕಾದ ತಾರೀಖು. ಅದರ ಹಿಂದೆ ಪ್ಲೇಂಟಿನ ಪ್ರತಿ, ಅಂದರೆ ವಾದಿ ಬರೆದ ದಾವಾ ಅರ್ಜಿ. "ನಾ ತಗೊಳ್ಳೂದಿಲ್ಲ" ಎಂದು ಬಾಗಿಲು ಹಾಕಿಕೊಳ್ಳುವುದು ಊರಿನ ಹಳೆಯ ಜಾಣತನ. ಸಮನ್ಸು ನಿರಾಕರಿಸಿದರೆ ಅದು ಮುಟ್ಟಿದಂತೆಯೇ ಎಂದು ಕೋರ್ಟು ಭಾವಿಸಬಹುದು. ಅಮೀನ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಅಂಟಿಸಿದ್ದಕ್ಕೆ ವರದಿ ಬರೆದು ಹೋಗಲೂಬಹುದು. ಮನೆಯವರು ಪುಣೆಯಲ್ಲಿ ದುಡಿಯುತ್ತಿದ್ದರೆ ಆ ಕಾಗದ ಮಳೆಗೆ ತೊಯ್ದು ಉದುರಿದ್ದೂ ಗೊತ್ತಾಗುವುದಿಲ್ಲ.

ಮುಂದಿನ ಪದ ಎಕ್ಸ್ ಪಾರ್ಟೆ. ಪ್ರತಿವಾದಿ ಬರಲಿಲ್ಲ, ಕೋರ್ಟು ಏಕಪಕ್ಷೀಯವಾಗಿ ನಡೆಸಿ ಡಿಕ್ರಿ ಕೊಟ್ಟಿತು. ಇದನ್ನು ರದ್ದು ಮಾಡಿಸಲು ದಾರಿ ಇದೆ. ಡಿಕ್ರಿಯ ದಿನದಿಂದ 30 ದಿನದೊಳಗೆ ಅರ್ಜಿ. ಸಮನ್ಸು ಸರಿಯಾಗಿ ಮುಟ್ಟಿಯೇ ಇರಲಿಲ್ಲವಾದರೆ, ಡಿಕ್ರಿಯ ಸಂಗತಿ ತಿಳಿದ ದಿನದಿಂದ 30 ದಿನ. ಸಮನ್ಸು ತೆಗೆದುಕೊಂಡವರು ಉತ್ತರ ಕೊಡಬೇಕು. ಅದಕ್ಕೆ ರಿಟನ್ ಸ್ಟೇಟ್‌ಮೆಂಟ್ ಎನ್ನುತ್ತಾರೆ, ಹಳೆಯ ಮಾತಿನಲ್ಲಿ ಕೈಫಿಯತ್ತು. ಅದಕ್ಕೂ 30 ದಿನ. ಕಾರಣ ಬರೆದು ಕೋರ್ಟು 90 ದಿನದವರೆಗೆ ಬಿಡಬಹುದು.

ಕೆವಿಯಟ್ ಎಂಬ ಪದ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ನನ್ನ ಮೇಲೆ ದಾವೆ ಬರಬಹುದು, ನನ್ನ ಮಾತು ಕೇಳದೆ ಆಜ್ಞೆ ಕೊಡಬೇಡಿ ಎಂದು ಮೊದಲೇ ಕೋರ್ಟಿಗೆ ಹೇಳಿಡುವುದು. ಅದರ ಆಯುಷ್ಯ 90 ದಿನ. ಆಮೇಲೆ ಹೊಸದು ಹಾಕಬೇಕು. ಹಾಕಿ ಮರೆತವರು ಬಹಳ.

ಈಗ ಸಿವಿಲ್ ಕಾನೂನಿನ ಅತಿ ಭಾರದ ಪದಕ್ಕೆ ಬಂದೆವು: ಪಾಲು ದಾವೆಯ ಡಿಕ್ರಿ. ಇದರಲ್ಲಿ ಎರಡು ಮೆಟ್ಟಿಲು. ಪ್ರಿಲಿಮಿನರಿ ಡಿಕ್ರಿ, ಅಂದರೆ ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಎಂದು ಹೇಳುತ್ತದೆ. ಫೈನಲ್ ಡಿಕ್ರಿ, ಅಂದರೆ ಅಂತಿಮ ಡಿಕ್ರಿ, ಯಾವ ದಿಕ್ಕಿನ ಯಾವ ತುಂಡು ಯಾರಿಗೆ ಎಂದು ಅಳೆದು ಕೊಡುತ್ತದೆ. ಮೊದಲ ಮೆಟ್ಟಿಲು ಹತ್ತಿದ ಕೂಡಲೆ ಎಲ್ಲ ಮುಗಿಯಿತೆಂದು ಮನೆಗೆ ಹೋಗುವವರಿದ್ದಾರೆ. ಮುಗಿದಿರುವುದಿಲ್ಲ ಎಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಇದೆ.

ಪ್ರೇಮಾ ವಿರುದ್ಧ ನಂಜೇಗೌಡ. 1992ರಲ್ಲಿ ಪ್ರಾಥಮಿಕ ಡಿಕ್ರಿ ಆಯಿತು. ಆಗಿನ ಕಾನೂನಿನಂತೆ ಆ ಹೆಣ್ಣುಮಗಳಿಗೆ ಬಂದ ಪಾಲು 28ರಲ್ಲಿ ಒಂದು. ಅಂತಿಮ ಡಿಕ್ರಿ ಇನ್ನೂ ಬಾಕಿ ಇತ್ತು. 1994ರ ಜುಲೈ 30ರಂದು ಕರ್ನಾಟಕದಲ್ಲಿ ಹೊಸ ತಿದ್ದುಪಡಿ ಜಾರಿಗೆ ಬಂತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಸಮಪಾಲು ಎಂದಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ಪ್ರೇಮಾ ಅವರಿಗೆ ಆಗ ಮದುವೆಯಾಗಿರಲಿಲ್ಲ. ಅಂತಿಮ ಡಿಕ್ರಿಯಲ್ಲಿ 7ರಲ್ಲಿ ಎರಡು ಪಾಲು ಕೊಡಿ ಎಂದು ಕೇಳಿದರು. ಕೆಳಗಿನ ಕೋರ್ಟು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಅಂತಿಮ ಡಿಕ್ರಿ ಆಗುವವರೆಗೆ ಪಾಲು ದಾವೆ ಜೀವಂತ, ನಡುವೆ ಕಾನೂನು ಬದಲಾದರೆ ಪಾಲೂ ಬದಲಾಗಬಹುದು ಎಂಬುದು ಅದರ ತಾತ್ಪರ್ಯ.

ಲೆಕ್ಕ ಹಾಕಿ ನೋಡಿ. ಹೊಲ 28 ಎಕರೆ ಇತ್ತು ಎಂದುಕೊಳ್ಳಿ. ಮೊದಲ ಲೆಕ್ಕದಲ್ಲಿ ಬರುವುದು 1 ಎಕರೆ. ಎರಡನೆಯದರಲ್ಲಿ 8 ಎಕರೆ. ಪ್ರಿಲಿಮಿನರಿ ಎಂಬ ಪದವನ್ನು ಫೈನಲ್ ಎಂದು ತಿಳಿದು ಕೈಕಟ್ಟಿ ಕೂತಿದ್ದರೆ ಏಳು ಎಕರೆ ಹೋಗುತ್ತಿತ್ತು.

ಡಿಕ್ರಿ ಕೈಗೆ ಬಂದ ಮೇಲೆ ಎಕ್ಸಿಕ್ಯೂಷನ್. ಶಾಲೆಯ ಡಿಕ್ಷನರಿ ನೋಡಿದ ಹುಡುಗನಿಗೆ ಇದರ ಅರ್ಥ ಮರಣದಂಡನೆ. ಸಿವಿಲ್ ಕೋರ್ಟಿನಲ್ಲಿ ಇದು ಡಿಕ್ರಿಯ ಅಮಲ್ಜಾರಿ. ಸ್ವಾಧೀನ ಅಥವಾ ಹಣ ಕೊಡಿಸುವ ಸಾಮಾನ್ಯ ಡಿಕ್ರಿಗೆ 12 ವರ್ಷದ ಅವಧಿ ಇದೆ. ಡಿಕ್ರಿಯ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು ಹದಿಮೂರನೇ ವರ್ಷ ಕೋರ್ಟಿಗೆ ಹೋದರೆ ಅದು ಬರೀ ಕಾಗದ.

ಸಿವಿಲ್ ಮತ್ತು ಕ್ರಿಮಿನಲ್ ಎರಡರ ನಡುವೆ ನಿಂತ ಒಂದು ಪದವನ್ನೂ ಹೇಳಿಬಿಡಬೇಕು, ಚೆಕ್ ಬೌನ್ಸ್. ತೊಗರಿ ವ್ಯಾಪಾರದಲ್ಲಿ ಇದು ಹೊಸದಲ್ಲ. ಚೆಕ್ಕಿನ ಬಾಳಿಕೆ ಮೂರು ತಿಂಗಳು. ಬ್ಯಾಂಕು ಹಿಂದಿರುಗಿಸಿದ್ದು ತಿಳಿದ 30 ದಿನದೊಳಗೆ ಲಿಖಿತ ನೋಟಿಸು. ನೋಟಿಸು ಮುಟ್ಟಿದ 15 ದಿನದೊಳಗೆ ಹಣ ಬರಬೇಕು. ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಇದು ಮಾತ್ರ ನಿಜವಾದ ಅರ್ಥದಲ್ಲಿ ಕಂಪ್ಲೇಂಟ್.

ಇದುವರೆಗೆ ಕಕ್ಷಿದಾರರ ಮಾತಾಯಿತು. ಇನ್ನು ಕಲಿಯುವ ಹುಡುಗರ ಕಡೆ ತಿರುಗೋಣ. ಕಾನೂನು ಪದವಿಯನ್ನು ಕನ್ನಡದಲ್ಲಿ ಬರೆದು ಪಾಸಾಗಬಹುದು. ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕಲಬುರಗಿಯ ಪೀಠದಲ್ಲಿ ಎದ್ದು ನಿಂತಾಗ ನಾಲಿಗೆ ತಡೆಯುತ್ತದೆ. ಹಾಗಾಗಿ ಅನೇಕರು ದಪ್ಪ ಪದಕೋಶ ಕೊಳ್ಳುತ್ತಾರೆ. ಪಿ. ರಾಮನಾಥ ಅಯ್ಯರ್ ಅವರ ಲಾ ಲೆಕ್ಸಿಕನ್ ದೊಡ್ಡ ಗ್ರಂಥ, ಸಂದೇಹ ಬಂದಾಗ ನೋಡಲು ಬೇಕೇ ಬೇಕು. ಅದನ್ನು ಓದುವ ಪುಸ್ತಕ ಮಾಡಿಕೊಂಡರೆ ಮೊದಲ ಅಕ್ಷರದಲ್ಲೇ ಉಸಿರು ಕಟ್ಟುತ್ತದೆ.

ಬೇರ್ ಆಕ್ಟ್ ಹೆಚ್ಚು ಫಲ ಕೊಡುತ್ತದೆ. ವ್ಯಾಖ್ಯಾನವಿಲ್ಲದ ಬರೀ ಕಾನೂನಿನ ಪಠ್ಯ ಅದು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ದಂಡ ಪ್ರಕ್ರಿಯೆಯ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಎರಡನೇ ಕಲಮೇ ಪದಗಳ ಅರ್ಥ ಕೊಡುತ್ತದೆ. ಡಿಕ್ರಿ ಎಂದರೇನು ಎಂದು ಡಿಕ್ಷನರಿಗಿಂತ ಸ್ಪಷ್ಟವಾಗಿ ಕಾನೂನೇ ಹೇಳುತ್ತದೆ. ಅದರ ಪಕ್ಕದಲ್ಲಿ ಹಿರಿಯರ ಕಚೇರಿಯ ಹಳೆಯ ಫೈಲೊಂದನ್ನು ಇಟ್ಟುಕೊಳ್ಳಬೇಕು. ಪ್ಲೇಂಟಿನ ಕೊನೆಯ ಪುಟದಲ್ಲಿ ಪ್ರೇಯರ್ ಎಂದಿರುತ್ತದೆ. ಅದು ದೇವರ ಪ್ರಾರ್ಥನೆಯಲ್ಲ, ಕೋರ್ಟಿನಿಂದ ಏನು ಬೇಕು ಎಂಬ ಬೇಡಿಕೆ. ಅಲ್ಲಿ ಕೇಳದ್ದನ್ನು ಕೋರ್ಟು ಸಾಮಾನ್ಯವಾಗಿ ಕೊಡುವುದಿಲ್ಲ. ಕ್ರಯಪತ್ರದಲ್ಲಿ ಕನ್ಸಿಡರೇಷನ್ ಎಂದಿದ್ದರೆ ಅದು ಪರಿಗಣನೆಯಲ್ಲ, ಹೊಲಕ್ಕೆ ಕೊಟ್ಟ ಪ್ರತಿಫಲ. ಸುಪ್ರೀಂ ಕೋರ್ಟಿನ ತೀರ್ಪುಗಳು ಈಗ ಯಂತ್ರದ ನೆರವಿನಿಂದ ಕನ್ನಡಕ್ಕೂ ಬರುತ್ತಿವೆ. ಅದಕ್ಕಾಗಿ 2019ರಲ್ಲಿ ಸುವಾಸ್ ಎಂಬ ತಂತ್ರಾಂಶ ಬಂತು. ಒಂದೇ ತೀರ್ಪಿನ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಎದುರುಬದುರು ಇಟ್ಟು ಓದುವುದು ಒಳ್ಳೆಯ ಅಭ್ಯಾಸ. ಅನುವಾದ ಎಡವಿದ ಕಡೆ ಓದುಗನೇ ತಿದ್ದಿಕೊಂಡರೆ ಆ ಪದ ಮತ್ತೆ ಮರೆಯುವುದಿಲ್ಲ.

ವಕೀಲರನ್ನು ಇಡಲು ಶಕ್ತಿಯಿಲ್ಲದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. ಫೋನಿನಲ್ಲಿ ಕೇಳುವುದಾದರೆ ಸಂಖ್ಯೆ 15100.

ಕೊನೆಯದಾಗಿ ಅಪೀಲು. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ. ಕ್ರಿಮಿನಲ್ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ 30, ಹೈಕೋರ್ಟಿಗೆ 60. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು, ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಅಪೀಲಿಗೆ ಸರ್ಟಿಫೈಡ್ ಕಾಪಿ ಬೇಕು, ಅಂದರೆ ದೃಢೀಕೃತ ನಕಲು. ಆ ನಕಲಿನ ಮೇಲೆ ಒಂದು ಮೊಹರಿರುತ್ತದೆ. ಅದರಲ್ಲಿ ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಇವನ್ನೆಲ್ಲ ಬರೆದಿರುತ್ತಾರೆ. ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾಗುವವರೆಗಿನ ಕಾಲವನ್ನು ಅಪೀಲಿನ ಗಡುವಿನಿಂದ ಕಳೆಯುತ್ತಾರೆ. ನಕಲು ಸಿದ್ಧವಾದ ಮೇಲೂ ತರಲು ಹೋಗದೆ ಕಳೆದ ದಿನಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ, ಆ ರಸೀದಿಯನ್ನು ಪಹಣಿಯ ಜೊತೆಗೇ ಇಟ್ಟುಕೊಳ್ಳಿ.